ಮೈಮೇಲಿನ ಚಿತ್ರವನ್ನು ಓದುವ ಬಗೆ

ಹಚ್ಚೆಯ ಚಿತ್ರಗಳ ಕುರಿತ ಬರಹಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಚೇಳು ಎಂದರೆ ಕಾವಲು, ನವಿಲು ಎಂದರೆ ಚೆಲುವು, ತೊಟ್ಟಿಲು ಎಂದರೆ ಸಂತಾನ, ತುಳಸಿಕಟ್ಟೆ ಎಂದರೆ ಮುತ್ತೈದೆತನ. ನಗರದ ಟ್ಯಾಟೂ ಅಂಗಡಿಯ ಆಲ್ಬಮ್ ತೆರೆದರೂ ಇದೇ ಕ್ರಮ: ಲಂಗರು ಎಂದರೆ ಅಲುಗದ ಮನಸ್ಸು, ಗುಲಾಬಿ ಎಂದರೆ ಪ್ರೀತಿ, ತಲೆಬುರುಡೆ ಎಂದರೆ ಸಾವಿಗೆ ಅಂಜದ ಗುಂಡಿಗೆ. ಪಾಪ್ ಕಲೆಯ ಕೃತಿಯೊಂದರ ಮುಂದೆ ನಿಂತವರೂ ಮೊದಲು ಕೇಳುವುದು ‘ಇದರ ಅರ್ಥವೇನು’ ಎಂದೇ. ಈ ಪಟ್ಟಿ ಹಿಡಿದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಸಂತೆಗಳಲ್ಲಿ ಕಾಣುವ ತೋಳುಗಳನ್ನು ಓದಲು ಹೊರಟರೆ ಬೇಗನೆ ದಾರಿ ತಪ್ಪುತ್ತದೆ. ಇಳಕಲ್ ಸೀರೆಯುಟ್ಟ ಹಿರಿಯಳ ಮುಂಗೈಯಲ್ಲಿ ಹಸಿರುಗಟ್ಟಿದ ಚುಕ್ಕಿಗಳ ಸಾಲಿದೆ. ಅವಳ ಮೊಮ್ಮಗನ ತೋಳಿನಲ್ಲಿ ಸಿನಿಮಾ ನಟನ ಮುಖ, ಕತ್ತಿನ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು. ಪಟ್ಟಿಯಲ್ಲಿ ಚುಕ್ಕಿಗೆ ಅರ್ಥ ಕೊಟ್ಟಿಲ್ಲ. ನಟನ ಮುಖಕ್ಕೆ ಪಟ್ಟಿಯೇ ಬೇಕಿಲ್ಲ. ಆದರೂ ಎರಡೂ ಏನನ್ನೋ ಗಟ್ಟಿಯಾಗಿ ಹೇಳುತ್ತಿವೆ. ಹಚ್ಚೆಯ ಚಿತ್ರಕ್ಕೆ ಒಂಟಿಯಾಗಿ ಅರ್ಥ ಹುಟ್ಟುವುದಿಲ್ಲ ಎಂಬುದು ಈ ಲೇಖನದ ವಾದ. ಗೆರೆ ಹೇಗೆ ಬಂತು, ಚಿತ್ರ ಯಾವ ಸಾಮಾನ್ಯ ಸರಕಿನಿಂದ ಬಂತು, ಯಾರು ಯಾರ ಮೈಯ ಯಾವ ಜಾಗಕ್ಕೆ ಹಾಕಿದರು ಎಂಬ ಮೂರು ಪ್ರಶ್ನೆಗಳ ನಡುವೆ ಅದರ ಅರ್ಥವಿದೆ. ಪಾಪ್ ಕಲೆಯನ್ನೂ ಅದರ ನಂತರದ ಸಮಕಾಲೀನ ಕಲೆಯನ್ನೂ ತಿಳಿಯಲು ಇವೇ ಮೂರು ಪ್ರಶ್ನೆಗಳು ಸಾಕು.

ಮೊದಲು ಕೆಲಸ ನಡೆಯುತ್ತಿದ್ದ ರೀತಿಯನ್ನು ನೋಡೋಣ. ಈ ಸೀಮೆಯಲ್ಲಿ ಹಚ್ಚಿ, ಹಣಚಿಬೊಟ್ಟು ಎಂದೆಲ್ಲ ಕರೆಸಿಕೊಂಡ ಈ ಚಿತ್ರಗಳನ್ನು ಚುಚ್ಚುತ್ತಿದ್ದವರು ಮುಖ್ಯವಾಗಿ ಕೊರವ ಸಮುದಾಯದ ಹೆಂಗಸರು. ಬುಟ್ಟಿ ಹೆಣೆಯುವುದು, ಕಣಿ ಹೇಳುವುದು, ಹಚ್ಚೆ ಹಾಕುವುದು ಮೂರೂ ಅವರ ತಿರುಗಾಟದ ಕಸುಬುಗಳು. ಒಟ್ಟಿಗೆ ಕಟ್ಟಿದ ಕೆಲವು ಸೂಜಿಗಳು, ದೀಪದ ಮಸಿ, ಅದನ್ನು ಕಲೆಸಲು ಸೊಪ್ಪಿನ ರಸ ಅಥವಾ ಎದೆಹಾಲು, ಚುಚ್ಚಿದ ಮೇಲೆ ಹಚ್ಚಲು ಅರಿಸಿನ ಇಷ್ಟೇ ಅವರ ಸಲಕರಣೆ. ಚುಚ್ಚುವಾಗ ಅಳುವ ಹುಡುಗಿಯನ್ನು ಸಂತೈಸಲು ಹಾಡು ಹೇಳುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ ಬರೆಯುವಾಗ ದಾಖಲಿಸಿದ್ದಾನೆ. ಕೂಲಿ ಕಾಳುಕಡ್ಡಿ, ಹಳೆಯ ಸೀರೆ, ಒಂದಿಷ್ಟು ಚಿಲ್ಲರೆ. ಒಕ್ಕಲಗಿತ್ತಿಯರಿಗೆ ಹಣೆ, ಗಲ್ಲ, ಮುಂಗೈ, ಮೊಣಕಾಲ ಕೆಳಗೆ. ತಾಂಡಾಗಳ ಲಂಬಾಣಿ ಹೆಂಗಸರಿಗೆ ಕೈಯ ಮೇಲೂ ಮುಖದ ಮೇಲೂ ಚುಕ್ಕಿಗಳು. ಸತ್ತಾಗ ಬಂಗಾರವನ್ನು ಮೈಯಿಂದ ಕಳಚಿ ಇಟ್ಟುಕೊಳ್ಳುತ್ತಾರೆ, ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎಂಬ ನಂಬಿಕೆ ಇದರ ಬೆನ್ನಿಗಿತ್ತು. ಬಡವರಿಗೂ ದಕ್ಕುವ, ಕಳ್ಳರಿಗೆ ದಕ್ಕದ, ಸಾಲಕ್ಕೆ ಒತ್ತೆ ಇಡಲಾಗದ ಒಡವೆ ಅದು. ಬರಗಾಲ ಪದೇಪದೇ ಬರುವ ಸೀಮೆಯಲ್ಲಿ ಇದು ಸಣ್ಣ ಗುಣವಲ್ಲ.

ಇನ್ನು ಗೆರೆಯ ಪ್ರಶ್ನೆ. ಹಚ್ಚೆಯಲ್ಲಿ ಗೆರೆ ಏಕೆ ದಪ್ಪ, ಆಕಾರ ಏಕೆ ಚಪ್ಪಟೆ, ಚುಕ್ಕಿಗಳ ನಡುವೆ ಅಷ್ಟು ಖಾಲಿ ಏಕೆ? ಉತ್ತರ ಚರ್ಮದಲ್ಲೇ ಇದೆ. ಸೂಜಿ ಮಸಿಯನ್ನು ಹೊರಪದರ ದಾಟಿಸಿ ಒಳಪದರಕ್ಕೆ ಒಯ್ಯುತ್ತದೆ. ದೇಹ ಆ ಮಸಿಯನ್ನು ಪರಕೀಯವೆಂದು ಗುರುತಿಸಿದಾಗ, ಮ್ಯಾಕ್ರೊಫೇಜ್ ಎಂಬ ರಕ್ಷಕ ಜೀವಕೋಶಗಳು ಅದನ್ನು ನುಂಗಿ ಅಲ್ಲೇ ಕೂರುತ್ತವೆ. ಆ ಕೋಶ ಸತ್ತರೆ ಬಿಡುಗಡೆಯಾದ ಮಸಿಯನ್ನು ಹೊಸ ಕೋಶ ಹಿಡಿದುಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹಚ್ಚೆ ಶಾಶ್ವತವೆಂದು ನಾವು ಹೇಳುವುದು ನಿಜಕ್ಕೂ ಮುಗಿಯದ ಕೈಬದಲು. ಈ ಕೈಬದಲಿನಲ್ಲಿ ಅಂಚುಗಳು ವರ್ಷ ಕಳೆದಂತೆ ಹರಡಿಕೊಳ್ಳುತ್ತವೆ, ಕಪ್ಪು ಮಸಿ ಚರ್ಮದ ಮೂಲಕ ನೀಲಿಯಾಗಿ, ಹಸಿರಾಗಿ ಕಾಣುತ್ತದೆ. ಒತ್ತೊತ್ತಾಗಿ ಬಿಡಿಸಿದ ನವಿರಾದ ಚಿತ್ರ ಮೂವತ್ತು ವರ್ಷದಲ್ಲಿ ಕಲೆಯಂತೆ ಕೂಡಿಕೊಳ್ಳುತ್ತದೆ. ದೂರ ದೂರ ಇಟ್ಟ ಚುಕ್ಕಿ, ಗಟ್ಟಿ ಗೆರೆ, ಸರಳ ಆಕಾರ ಉಳಿಯುತ್ತವೆ. ಚೇಳನ್ನು ಒಂದು ಬೆನ್ನುಗೆರೆ, ಎರಡು ಇಕ್ಕಳ, ನಾಲ್ಕಾರು ಕಾಲು, ಒಂದು ಬಾಗಿದ ಬಾಲವಾಗಿ ಇಳಿಸಿದ ಕೊರವತಿಗೆ ಬಿಡಿಸಲು ಬಾರದೆಂದು ಹಾಗೆ ಮಾಡಿದ್ದಲ್ಲ. ಮುಪ್ಪಿನಲ್ಲೂ ಚೇಳು ಚೇಳಾಗಿಯೇ ಕಾಣಬೇಕೆಂಬ ಲೆಕ್ಕ ಅಲ್ಲಿದೆ.

ಪಾಪ್ ಕಲೆಯ ಗೆರೆಯನ್ನು ಈಗ ಪಕ್ಕಕ್ಕಿಡಿ. ರಾಯ್ ಲಿಕ್ಟನ್‌ಸ್ಟೈನ್ 1961ರಲ್ಲಿ ‘ಲುಕ್ ಮಿಕ್ಕಿ’ ಎಂಬ ಚಿತ್ರದಿಂದ ಹೊಸ ದಾರಿ ಹಿಡಿದಾಗ ಎತ್ತಿಕೊಂಡದ್ದು ಅಗ್ಗದ ಕಾಮಿಕ್ಸ್ ಮುದ್ರಣದ ಸಾಮಗ್ರಿಯನ್ನು: ದಪ್ಪ ಕಪ್ಪು ಹೊರಗೆರೆ, ನೆರಳಿಲ್ಲದ ಬಣ್ಣ, ಬೆನ್‌ಡೇ ಚುಕ್ಕಿಗಳು. ಕಾಮಿಕ್ಸ್‌ನಲ್ಲಿ ಚುಕ್ಕಿ ಬಂದದ್ದು ಸೊಗಸಿಗಲ್ಲ, ಕಡಿಮೆ ಶಾಯಿಯಲ್ಲಿ ಕಳಪೆ ಕಾಗದದ ಮೇಲೆ ಬಣ್ಣ ಹುಟ್ಟಿಸಲು. ಲಿಕ್ಟನ್‌ಸ್ಟೈನ್ ಆ ಮಿತಿಯನ್ನು ದೊಡ್ಡದು ಮಾಡಿ ಕ್ಯಾನ್‌ವಾಸ್ ಮೇಲೆ ಇಟ್ಟ. ಮಾಧ್ಯಮದ ಬಡತನವೇ ಅವನ ಶೈಲಿಯಾಯಿತು. ಹಚ್ಚೆಯಲ್ಲೂ ಪಾಪ್‌ನಲ್ಲೂ ಗೆರೆ ಹೀಗಿರುವುದಕ್ಕೆ ಕಾರಣ ಒಂದೇ ಜಾತಿಯದು: ಒರಟಾದ ಹಾಳೆಯ ಮೇಲೆ ಚಿತ್ರ ಬದುಕಬೇಕು, ದೂರದಿಂದ ತಟ್ಟನೆ ಗುರುತು ಸಿಗಬೇಕು. ಹೀಗಾಗಿ ಚುಕ್ಕಿ ಕಂಡಾಗ ‘ಇದು ಯಾವುದರ ಸಂಕೇತ’ ಎನ್ನುವುದಕ್ಕಿಂತ ‘ಈ ಚುಕ್ಕಿಯನ್ನು ಯಾವ ಹಾಳೆ ಬೇಡಿತು’ ಎಂದು ಕೇಳುವುದು ಲೇಸು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5300 ವರ್ಷ ಹಳೆಯ ‘ಓಟ್ಸಿ’ ಎಂಬ ಮನುಷ್ಯನ ಮೈಮೇಲೆ 61 ಗುರುತುಗಳಿವೆ. ಎಲ್ಲವೂ ಗೀಟು ಮತ್ತು ಅಡ್ಡಗೀಟು. ಬಹಳಷ್ಟು ಇರುವುದು ಸೊಂಟ, ಮೊಣಕಾಲು, ಕಣಕಾಲಿನ ಬಳಿ. ಅವನ ಕೀಲುಗಳು ಸವೆದಿದ್ದವು, ಆದ್ದರಿಂದ ಇವು ನೋವಿನ ಚಿಕಿತ್ಸೆಯ ಗುರುತುಗಳಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ನಮಗೆ ತಿಳಿದಿರುವ ಅತಿ ಹಳೆಯ ಹಚ್ಚೆಗಳಲ್ಲೇ ಆಕಾರಕ್ಕಿಂತ ಜಾಗ ಹೆಚ್ಚು ಮಾತಾಡುತ್ತದೆ.

ಎರಡನೆಯದು ಸರಕಿನ ಪ್ರಶ್ನೆ. ಹಚ್ಚೆ ಹಾಕುವವಳು ಪ್ರತಿ ಮನೆಯಲ್ಲೂ ಹೊಸ ಚಿತ್ರ ಕಲ್ಪಿಸುತ್ತಿರಲಿಲ್ಲ. ಅವಳ ಬಳಿ ಎಲ್ಲರಿಗೂ ಗೊತ್ತಿರುವ ಒಂದು ಗಂಟು ಇತ್ತು: ತೊಟ್ಟಿಲು, ಬಾಸಿಂಗ, ಚೇಳು, ಮೀನು, ನವಿಲು, ಸೂರ್ಯ-ಚಂದ್ರ. ಇದೇ ಗಂಟಿನ ಬಹುಪಾಲು ಅದೇ ಮನೆಯ ಅಂಗಳದ ರಂಗೋಲಿಯಲ್ಲೂ ಇತ್ತು, ಚಂದ್ರಕಾಳಿ ಸೀರೆಯ ಸೆರಗಿನ ಕಸೂತಿಯಲ್ಲೂ ಇತ್ತು. ಕಸೂತಿಯಲ್ಲಿ ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎಳೆ ಎಣಿಸಿ ನಡೆಯುವುದರಿಂದ ತೇರು, ಗೋಪುರ, ಆನೆ ಎಲ್ಲವೂ ಕೋನಗಳಾಗಿ ಬರುತ್ತವೆ. ರಂಗೋಲಿಯಲ್ಲಿ ಅದೇ ತೇರು ಚುಕ್ಕಿಗಳ ಸುತ್ತ ಹರಿಯುತ್ತದೆ. ಹಚ್ಚೆಯಲ್ಲಿ ಮತ್ತಷ್ಟು ಸಂಕ್ಷೇಪವಾಗುತ್ತದೆ. ಒಂದೇ ಚಿತ್ರ ಬಟ್ಟೆ, ನೆಲ, ಚರ್ಮ ಎಂಬ ಮೂರು ಹಾಳೆಗಳಲ್ಲಿ ಓಡಾಡಿಕೊಂಡಿರುವುದು, ಯಾರದೂ ಸ್ವಂತವಲ್ಲದಿರುವುದು, ಎಣಿಕೆಯಿಲ್ಲದಷ್ಟು ಸಲ ಮರುಕಳಿಸುವುದು ಇವೇ ಪಾಪ್ ಕಲೆಯ ಮುಖ್ಯ ಉಪಾಯಗಳೆಂದು ಕಲಾ ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಜಾಸ್ಪರ್ ಜಾನ್ಸ್ 1954-55ರಲ್ಲಿ ಅಮೆರಿಕದ ಬಾವುಟವನ್ನೇ ಚಿತ್ರವಾಗಿಸಿದ್ದು ಎಲ್ಲರೂ ಕಂಡಿರುವ, ಆದ್ದರಿಂದಲೇ ಯಾರೂ ನೋಡದ ಚಿತ್ರ ಬೇಕೆಂದು. ಆಂಡಿ ವಾರ್ಹಾಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಯನ್ನು 32 ಕ್ಯಾನ್‌ವಾಸ್‌ಗಳಲ್ಲಿ ಸಾಲಾಗಿ ಇಟ್ಟ. ಅದೇ ವರ್ಷ ರೇಷ್ಮೆಪರದೆಯ ಮುದ್ರಣದಿಂದ ಮರ್ಲಿನ್ ಮನ್ರೊ ಮುಖವನ್ನು ಸಾಲುಸಾಲಾಗಿ ಒತ್ತಿದ.

ಯಂತ್ರದ ವಂಶಾವಳಿಯಲ್ಲೂ ಈ ನಂಟು ಇದೆ. ಥಾಮಸ್ ಎಡಿಸನ್ 1876ರಲ್ಲಿ ವಿದ್ಯುತ್ ಲೇಖನಿಯೊಂದಕ್ಕೆ ಪೇಟೆಂಟ್ ಪಡೆದ. ಕಚೇರಿಯ ಕಾಗದವನ್ನು ಸೂಜಿಯಿಂದ ತೂತು ಮಾಡಿ, ಆ ತೂತುಗಳ ಮೂಲಕ ಶಾಯಿ ಹಾಯಿಸಿ ಅನೇಕ ಪ್ರತಿ ತೆಗೆಯುವುದು ಅದರ ಕೆಲಸ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಅದೇ ತತ್ವವನ್ನು ಬದಲಿಸಿಕೊಂಡು 1891ರಲ್ಲಿ ವಿದ್ಯುತ್ ಹಚ್ಚೆಯಂತ್ರದ ಪೇಟೆಂಟ್ ಪಡೆದ. ಇಂದು ಸಿಂದಗಿಯ ಯುವಕನ ತೋಳಿನ ಮೇಲೆ ಗುಂಯ್‌ಗುಡುವ ಯಂತ್ರದ ಮೂಲ ಹೀಗೆ ನಕಲು ತೆಗೆಯುವ ಯಂತ್ರದಲ್ಲಿದೆ. ಯಂತ್ರದ ಜೊತೆಗೆ ಬಂದದ್ದು ಅಂಗಡಿಯ ಗೋಡೆಗೆ ಅಂಟಿಸುವ ‘ಫ್ಲ್ಯಾಷ್’ ಹಾಳೆ. ಹದ್ದು, ಹಡಗು, ಹೃದಯ, ಹಾವು ಸಾಲಾಗಿ ಬರೆದು ಬೆಲೆ ನಮೂದಿಸಿದ ಆ ಹಾಳೆಯನ್ನು ನೋಡಿ ಗಿರಾಕಿ ಬೆರಳು ತೋರಿಸಿದರೆ ಆಯಿತು. ಪಾಪ್ ಕಲೆ ಗ್ಯಾಲರಿಗೆ ಬರುವ ಮೊದಲೇ ಈ ಹಾಳೆ ಅದರ ಎಲ್ಲ ಲಕ್ಷಣಗಳನ್ನು ಹೊತ್ತು ತೂಗುತ್ತಿತ್ತು. ಬ್ರಿಟನ್ನಿನ ಪೀಟರ್ ಬ್ಲೇಕ್ ಇದನ್ನು ಬೇಗನೆ ಗುರುತಿಸಿದ. 1955ರಲ್ಲೇ ಅವನು ಜಾತ್ರೆಯಲ್ಲಿ ಪ್ರದರ್ಶನಕ್ಕೆ ನಿಲ್ಲುವ, ಮೈತುಂಬ ಹಚ್ಚೆಯಿರುವ ‘ಲೋಲಿಯಾ’ ಎಂಬ ಹೆಂಗಸಿನ ಚಿತ್ರ ಬರೆದ. ಅಮೆರಿಕದ ಎಡ್ ಹಾರ್ಡಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುದ್ರಣಕಲೆ ಕಲಿತು, 1973ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಹಚ್ಚೆ ಗುರುವಿನ ಬಳಿ ಪಳಗಿ, ಮುಂದೆ ತನ್ನ ಚಿತ್ರಗಳು ಟೀ-ಶರ್ಟುಗಳಾಗಿ ಜಗತ್ತು ಸುತ್ತುವುದನ್ನು ಕಂಡ. 2019ರಲ್ಲಿ ಅದೇ ನಗರದ ಡಿ ಯಂಗ್ ಮ್ಯೂಸಿಯಂ ಅವನ ಕೆಲಸದ ದೊಡ್ಡ ಪ್ರದರ್ಶನ ಏರ್ಪಡಿಸಿತು.

ನಮ್ಮ ಸೀಮೆಯಲ್ಲಿ ಈ ಸರಕಿನ ಮಳಿಗೆ ಕ್ಯಾಲೆಂಡರು. ಸಿಂದಗಿಗೆ ನೆರೆಯ ಕಲಬುರಗಿಯ ಎಸ್.ಎಂ. ಪಂಡಿತ್ (1916-1993) ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಪುರಾಣದ ಕ್ಯಾಲೆಂಡರುಗಳನ್ನೂ ಬರೆದು ದೇವರಿಗೆ ನಟರ ಮೈಕಟ್ಟು, ನಟರಿಗೆ ದೇವರ ಪ್ರಭೆ ಕೊಟ್ಟರು. ಆ ಮಾದರಿಯ ಶಿವ, ಹನುಮಂತ, ದೇವಿಯರು ಕಿರಾಣಿ ಅಂಗಡಿಯ ಗೋಡೆಯಿಂದ ಲಾರಿಯ ಹಿಂಬದಿಗೆ, ಅಲ್ಲಿಂದ ಮೊಬೈಲಿನ ಪರದೆಗೆ, ಈಗ ತೋಳಿಗೆ ಇಳಿದಿದ್ದಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದಾದ್ಯಂತ ಅಭಿಮಾನಿಗಳು ಅವರ ನಗುಮುಖವನ್ನು ಮೈಮೇಲೆ ಹಾಕಿಸಿಕೊಂಡರು. ಬಹಳಷ್ಟು ತೋಳುಗಳಲ್ಲಿ ಇರುವುದು ಅವೇ ಕೆಲವು ಪ್ರಚಾರದ ಫೋಟೊಗಳ ನಕಲು. ಮನ್ರೊ ಸತ್ತ ವರ್ಷವೇ ವಾರ್ಹಾಲ್ ಅವಳ ಸಿನಿಮಾ ಪ್ರಚಾರದ ಫೋಟೊವೊಂದನ್ನು ಮತ್ತೆ ಮತ್ತೆ ಒತ್ತಿದ್ದನ್ನು ನೆನೆದರೆ ಹೋಲಿಕೆ ತಾನೇ ತಾನಾಗಿ ಕಾಣುತ್ತದೆ. ವ್ಯತ್ಯಾಸವೂ ಕಾಣುತ್ತದೆ. ವಾರ್ಹಾಲನ ಸಾಲಿನಲ್ಲಿ ಮುಖ ಒಂದೊಂದಾಗಿ ಮಾಸುತ್ತದೆ, ನೋಡುವವನು ತಣ್ಣಗಾಗುತ್ತಾನೆ. ತೋಳಿನ ಮುಖಕ್ಕೆ ನೋವು ತಿಂದವನೊಬ್ಬ ಇದ್ದಾನೆ. ನಕಲು ಒಂದೇ ಆದರೂ ಪ್ರತಿ ನಕಲಿಗೆ ಒಬ್ಬ ಹೊಣೆಗಾರ. ಮೂರನೆಯ ಪ್ರಶ್ನೆಯಿಲ್ಲದೆ ಹಚ್ಚೆಯ ಓದು ಪೂರ್ತಿಯಾಗದಿರುವುದು ಇದಕ್ಕೇ.

ಆ ಪ್ರಶ್ನೆಗೆ ಹೋಗುವ ಮೊದಲು ಅಕ್ಷರದ ಬಗ್ಗೆ ಒಂದು ಮಾತು. ಚಿತ್ರದೊಳಗೆ ಬರಹ ತರುವುದು ಪಾಪ್ ಕಲೆಯ ಇನ್ನೊಂದು ಹೆಸರಾಂತ ಉಪಾಯ. ಉತ್ತರ ಕರ್ನಾಟಕದ ಹಳೆಯ ತೋಳುಗಳಲ್ಲಿ ಗಂಡನ ಹೆಸರು, ಅಣ್ಣನ ಹೆಸರು, ಕೆಲವೊಮ್ಮೆ ದೇವರ ಹೆಸರು ಕಾಣುತ್ತದೆ. ಹೊತ್ತವಳಿಗೆ ಬಹುಶಃ ಓದು ಬಾರದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟೂ ಇತ್ತು. ಒಡಪಿನಲ್ಲಿ ಮಾತ್ರ ಹೊರಬರಬಹುದಾದ ಹೆಸರು ತೋಳಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿರುತ್ತದೆ. ಅದು ಅವಳಿಗೆ ಓದುವ ಪದವಾಗಿರಲಿಲ್ಲ, ಚೇಳಿನಂತೆ, ಬಾಸಿಂಗದಂತೆ ಒಂದು ಆಕಾರವಾಗಿತ್ತು. ಅಮೆರಿಕದ ನಾರ್ಮನ್ ರಾಕ್‌ವೆಲ್ 1944ರಲ್ಲಿ ಪತ್ರಿಕೆಯ ಮುಖಪುಟಕ್ಕೆ ಬರೆದ ಚಿತ್ರದಲ್ಲಿ ನಾವಿಕನೊಬ್ಬನ ತೋಳಿನ ಮೇಲೆ ಹುಡುಗಿಯರ ಹೆಸರುಗಳ ಸಾಲಿದೆ, ಒಂದೊಂದೂ ಗೀಟು ಹೊಡೆಸಿಕೊಂಡಿದೆ, ಕೆಳಗೆ ಹೊಸ ಹೆಸರು ಬರೆಯಲಾಗುತ್ತಿದೆ. ನಾವಿಕನಿಗೆ ಗೀಟು ಹೊಡೆಯುವ ಸ್ವಾತಂತ್ರ್ಯವಿತ್ತು. ಮುದ್ದೇಬಿಹಾಳದ ಹೊಲದಲ್ಲಿ ಕಳೆ ಕೀಳುವವಳಿಗೆ ಅದು ಇರಲಿಲ್ಲ. ಇಬ್ಬರ ತೋಳಿನಲ್ಲೂ ಇರುವುದು ಹೆಸರೇ. ಉಪಾಯ ಒಂದೇ, ಅರ್ಥ ಬೇರೆ. ಇಂದು ಗೋವೆಗೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಹುಡುಗರು ತೋಳಿನ ಮೇಲೆ ‘ಅವ್ವ’ ಎಂದು ಬರೆಸಿಕೊಂಡಾಗ ಅದೇ ಉಪಾಯಕ್ಕೆ ಮೂರನೆಯ ಅರ್ಥ ಬರುತ್ತದೆ. ಇಲ್ಲಿ ಹೆಸರು ಒಡೆತನದ ಗುರುತಲ್ಲ, ಪರವೂರಿನಲ್ಲಿ ತಾನು ಯಾರ ಮಗ ಎಂಬ ವಿಳಾಸ.

ಈಗ ಮೈಯ ಪ್ರಶ್ನೆ: ಯಾರು, ಯಾರಿಗೆ, ಎಲ್ಲಿ. ಇದನ್ನು ಕಲಾವಿದರಿಗಿಂತ ಮೊದಲು ಚೆನ್ನಾಗಿ ಅರಿತದ್ದು ಸರ್ಕಾರ. ಬ್ರಿಟಿಷರ ಕಾಲದ ಭಾರತದಲ್ಲಿ ಘೋರ ಅಪರಾಧದ ಕೈದಿಗಳ ಹಣೆಯ ಮೇಲೆ ಅಪರಾಧದ ವಿವರವನ್ನು ಹಚ್ಚೆ ಹಾಕುವ ‘ಗೋದ್ನಾ’ ಶಿಕ್ಷೆ 1849ರವರೆಗೆ ಕಾನೂನಿನಲ್ಲೇ ಇತ್ತು. ಹೆಂಗಸರ ಒಡವೆಯ ಅದೇ ಸೂಜಿ, ಅದೇ ಮಸಿ. ಹಾಕುವ ಕೈ ಬದಲಾದಾಗ ಒಡವೆ ಕಳಂಕವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಮುಂಬಯಿ ಪ್ರಾಂತ್ಯದಲ್ಲಿ ಹಾಗೆ ಪಟ್ಟಿಯಾದವರನ್ನು ಇರಿಸಿದ ವಸಾಹತುಗಳಲ್ಲಿ ಒಂದು 20ನೇ ಶತಮಾನದ ಆರಂಭದ ದಶಕಗಳಲ್ಲಿ ವಿಜಾಪುರದಲ್ಲೇ ನಡೆಯಿತು. ತಿರುಗಾಡುವುದೇ ಗುಮಾನಿಯ ಕಾರಣವಾದ ಮೇಲೆ ತಿರುಗಾಟವನ್ನೇ ನಂಬಿದ ಹಚ್ಚೆಯಂಥ ಕಸುಬು ಬಾಡದೆ ಇರಲು ಸಾಧ್ಯವಿರಲಿಲ್ಲ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ಕ್ಯಾಲೆಂಡರಿನ ದೇವಿಯ ಭಂಗಿಯನ್ನೂ ವಸಾಹತು ಕಾಲದ ಜನಾಂಗ ಅಳತೆಯ ಫೋಟೊವನ್ನೂ ಸ್ವತಃ ಮೈಯಲ್ಲಿ ಧರಿಸಿ ನಿಂತದ್ದನ್ನು ಈ ಇತಿಹಾಸದ ಬೆಳಕಿನಲ್ಲಿ ನೋಡಬೇಕು. ಹೆಣ್ಣಿನ ಮೈಯನ್ನು ಪೂಜಿಸುವ ಚಿತ್ರ, ಅಳೆಯುವ ಚಿತ್ರ ಎರಡೂ ಸಿದ್ಧ ಸರಕೇ ಎಂದು ಆ ಸರಣಿ ತೋರಿಸುತ್ತದೆ. ಸರ್ಕಾರದ ಕಣ್ಣು ಇಂದಿಗೂ ಹಚ್ಚೆ ಓದುತ್ತದೆ. ಸೇನೆಗೆ ಸೇರಲು ಬರುವ ಯುವಕರಿಗೆ ಮುಂಗೈಯ ಒಳಬದಿ, ಅಂಗೈಯ ಹಿಂಬದಿಯಂಥ ಕೆಲವೇ ಜಾಗಗಳಲ್ಲಿ ಶಾಶ್ವತ ಹಚ್ಚೆಗೆ ಅನುಮತಿ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟುಗಳಿಗೆ ವಿನಾಯಿತಿ ಉಂಟು. ಚಿತ್ರ ಅದೇ ಇದ್ದರೂ ಅದು ಮೊಣಕೈಗಿಂತ ಕೆಳಗಿದೆಯೇ ಮೇಲಿದೆಯೇ, ಹೊತ್ತವನು ಯಾರು ಎಂಬುದರ ಮೇಲೆ ನೌಕರಿ ನಿಂತಿದೆ. ಅರ್ಥದ ಪಟ್ಟಿಗೆ ಇಲ್ಲಿ ಯಾವ ಕೆಲಸವೂ ಇಲ್ಲ.

ಸಮಕಾಲೀನ ಕಲೆ ಹಚ್ಚೆಯನ್ನು ಬಳಸಿಕೊಂಡಾಗ ಹಿಡಿದದ್ದು ಈ ಮೂರನೆಯ ಎಳೆಯನ್ನೇ. ಆಸ್ಟ್ರಿಯಾದ ವಾಲಿ ಎಕ್ಸ್‌ಪೋರ್ಟ್ 1970ರಲ್ಲಿ ತನ್ನ ತೊಡೆಯ ಮೇಲೆ ಕಾಲುಚೀಲದ ಪಟ್ಟಿಯ ಕೊಕ್ಕೆಯೊಂದನ್ನು ಹಚ್ಚೆ ಹಾಕಿಸಿಕೊಂಡಳು. ಗಂಡಸರ ಕಣ್ಣಿಗಾಗಿ ಹೆಣ್ಣು ತೊಡುವ ಉಡುಪಿನ ತುಣುಕೊಂದು ಬಿಚ್ಚಲಾಗದ ಗುರುತಾಗಿ ಉಳಿಯಿತು. ಸ್ಪೇನಿನ ಸಾಂತಿಯಾಗೊ ಸಿಯೆರ್ರಾ 2000ರಲ್ಲಿ ಸಲಮಾಂಕಾ ನಗರದಲ್ಲಿ ಮಾದಕ ವ್ಯಸನಕ್ಕೆ ಸಿಕ್ಕಿದ್ದ ನಾಲ್ವರು ಲೈಂಗಿಕ ಕಾರ್ಯಕರ್ತೆಯರ ಬೆನ್ನುಗಳ ಮೇಲೆ 160 ಸೆಂಟಿಮೀಟರ್ ಉದ್ದದ ಒಂದೇ ಗೆರೆ ಹಾಕಿಸಿದ. ಅವರಿಗೆ ಕೊಟ್ಟ ಹಣ ಒಂದು ಬಾರಿಯ ಹೆರಾಯಿನ್ ಬೆಲೆಯಷ್ಟು. ಆ ಗೆರೆ ಯಾವುದರ ಸಂಕೇತವೂ ಅಲ್ಲ. ಕೂಲಿ ಎಷ್ಟು, ಒಪ್ಪಿದವರು ಯಾಕೆ ಒಪ್ಪಿದರು, ನೋಡುತ್ತ ನಿಂತ ನಾವು ಯಾರು ಎಂಬುದೇ ಕೃತಿ. ಬೆಲ್ಜಿಯಂನ ವಿಮ್ ಡೆಲ್ವಾಯ್ ಟಿಮ್ ಸ್ಟೈನರ್ ಎಂಬಾತನ ಬೆನ್ನಿನ ತುಂಬ ಹಚ್ಚೆ ಹಾಕಿಸಿ, 2008ರಲ್ಲಿ ಆ ಕೃತಿಯನ್ನು ಜರ್ಮನಿಯ ಸಂಗ್ರಾಹಕರೊಬ್ಬರಿಗೆ 1,50,000 ಯೂರೊಗೆ ಮಾರಿದ. ಸ್ಟೈನರ್ ಒಪ್ಪಂದದಂತೆ ಗ್ಯಾಲರಿಗಳಲ್ಲಿ ಕೂರುತ್ತಾನೆ, ಸತ್ತ ಮೇಲೆ ಅವನ ಚರ್ಮ ಸಂಗ್ರಾಹಕರ ಪಾಲು. ಸಾವಿನಲ್ಲೂ ಜೊತೆಗೆ ಬರುವ ಒಡವೆ ಎಂದು ಬಾಗೇವಾಡಿಯ ಹಿರಿಯಳು ನಂಬಿದ್ದ ಹಚ್ಚೆಯನ್ನು ಮಾರುಕಟ್ಟೆ ಸಾವಿನಿಂದಲೂ ಕಿತ್ತುಕೊಂಡ ಬಗೆ ಇದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪಾಪ್ ಕಲೆ ವ್ಯಂಗ್ಯದ ಕಲೆ. ಸರಕು ಸಂಸ್ಕೃತಿಯನ್ನು ಅಣಕಿಸಲು ಹುಟ್ಟಿದ್ದು. ಹಚ್ಚೆ ನಂಬಿಕೆಯ ಕಲೆ. ಗೆರೆ, ಚುಕ್ಕಿ ಹೋಲುತ್ತವೆ ಎಂದ ಮಾತ್ರಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಎರಡೂ ಒಂದೇ ಎಂದು ಈ ವಾದ ಹೇಳುತ್ತಿಲ್ಲ. ಪಾಪ್‌ನಲ್ಲಿ ನಕಲಿನ ಹಿಂದೆ ಕಾರ್ಖಾನೆ ಇದೆ, ಹಚ್ಚೆಯಲ್ಲಿ ತಾಯಿಯಿಂದ ಮಗಳಿಗೆ ಸಾಗಿದ ಕೈಯಭ್ಯಾಸ ಇದೆ. ಈ ಅಂತರ ಕಾಣಬೇಕಾದರೂ ಉಪಾಯಗಳು ಸಮಾನವೆಂದು ಮೊದಲು ಒಪ್ಪಬೇಕು. ಒಂದೇ ಉಪಾಯ ಎರಡು ಕಡೆ ಬೇರೆ ಬೇರೆ ಕೆಲಸ ಮಾಡುವುದನ್ನು ಕಂಡಾಗಲೇ ಅರ್ಥ ಉಪಾಯದಲ್ಲಿಲ್ಲ, ಬಳಕೆಯಲ್ಲಿದೆ ಎಂಬುದು ಸಿದ್ಧವಾಗುತ್ತದೆ. ಅಲ್ಲದೆ ವ್ಯಂಗ್ಯವೊಂದೇ ಪಾಪ್‌ನ ಜಾಯಮಾನವೆಂಬುದೂ ಪೂರ್ತಿ ನಿಜವಲ್ಲ. ಪೀಟರ್ ಬ್ಲೇಕನಿಗೆ ಜಾತ್ರೆಯ ಚಿತ್ರಗಳ ಮೇಲೆ ಇದ್ದದ್ದು ಅಪ್ಪಟ ಅಕ್ಕರೆ. ಬರೋಡಾದ ಭೂಪೇನ್ ಖಖ್ಖರ್ (1934-2003) ಕ್ಯಾಲೆಂಡರಿನ ದೇವರನ್ನು ಕ್ಯಾನ್‌ವಾಸಿಗೆ ತಂದಾಗಲೂ ಅಣಕಕ್ಕಿಂತ ಸಲಿಗೆ ಹೆಚ್ಚಿತ್ತು.

ಇದಕ್ಕಿಂತ ಭಾರವಾದ ಆಕ್ಷೇಪವೊಂದಿದೆ. ಅರಿಯದ ಹುಡುಗಿಯನ್ನು ಹಿಡಿದು ಕೂರಿಸಿ ಚುಚ್ಚಿದ ಗುರುತನ್ನು, ಜಾತಿ ಹೇಳುವ, ಮದುವೆಗೆ ಯೋಗ್ಯಳೆಂದು ಮುದ್ರೆಯೊತ್ತುವ ಗುರುತನ್ನು ಕಲೆಯೆಂದು ಹೊಗಳುವುದು ಹಿಂಸೆಗೆ ಚೌಕಟ್ಟು ಹಾಕಿದಂತಲ್ಲವೇ? ಆಕ್ಷೇಪದಲ್ಲಿ ಸತ್ಯವಿದೆ. ಹಚ್ಚೆ ಇಲ್ಲದವಳ ಕೈನೀರು ಸಲ್ಲದು ಎಂಬಂಥ ಮಾತುಗಳು ದೇಶದ ಹಲವೆಡೆ ಇದ್ದವು. ಅವು ಆಯ್ಕೆಯ ಮಾತುಗಳಲ್ಲ. ಆದರೆ ಈ ಸತ್ಯ ಕಾಣುವುದೂ ಮೂರನೆಯ ಪ್ರಶ್ನೆಯಿಂದಲೇ; ತೊಟ್ಟಿಲು ಎಂದರೆ ಸಂತಾನ ಎನ್ನುವ ಪಟ್ಟಿಯಲ್ಲಿ ಅದು ಮರೆಯಾಗುತ್ತದೆ. ಹಾಗೆ ಕೇಳಿದಾಗ ಇನ್ನೊಂದು ಮುಖವೂ ತೋರುತ್ತದೆ. ಹಣೆಯ ಮೇಲೆ ಹಚ್ಚೆಯ ಬೊಟ್ಟು ಇದ್ದವಳ ಗಂಡ ಸತ್ತಾಗ ಕುಂಕುಮ ಅಳಿಸಬಹುದು, ಬಳೆ ಒಡೆಯಬಹುದು. ಚರ್ಮದೊಳಗಿನ ಬೊಟ್ಟನ್ನು ಯಾವ ಶಾಸ್ತ್ರವೂ ಅಳಿಸಲಾರದು. ಮುತ್ತೈದೆತನದ ಮುದ್ರೆಯೆಂದು ಹಾಕಿದ ಗುರುತು ವಿಧವೆಯ ಹಣೆಯಲ್ಲಿ ಆ ಪದ್ಧತಿಗೇ ಎದುರು ನಿಲ್ಲುತ್ತದೆ. ಹಾಕುವವರು ಕೊಟ್ಟ ಅರ್ಥಕ್ಕೆ ಹೊತ್ತವರ ಬದುಕು ಕಟ್ಟುಬೀಳುವುದಿಲ್ಲ. ಮೈಯನ್ನೇ ದೇಗುಲವೆಂದು ಬಗೆದು, ಕಲ್ಲಿನ ಸ್ಥಾವರಕ್ಕಿಂತ ನಡೆದಾಡುವ ಜಂಗಮವನ್ನು ಮೇಲಿಟ್ಟ ಬಸವಣ್ಣ ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯ ಚಿತ್ರ ಇಟ್ಟಲ್ಲೇ ಇರುತ್ತದೆ. ಮೈಮೇಲಿನ ಚಿತ್ರ ಹೊಲಕ್ಕೆ, ಸಂತೆಗೆ, ತವರಿಗೆ ನಡೆದು, ನಡೆದಂತೆ ಅರ್ಥ ಬದಲಿಸುತ್ತದೆ.

ಮೈಯಿಂದ ಬೇರ್ಪಡಿಸಿ ಕಾಗದಕ್ಕೆ ತಂದರೆ ಹಚ್ಚೆ ಏನಾಗುತ್ತದೆ ಎಂಬುದಕ್ಕೆ ಬಿಹಾರದಲ್ಲಿ ಉತ್ತರವಿದೆ. ಮಧುಬನಿ ಬಳಿಯ ಜಿತ್ವಾರ್‌ಪುರದಲ್ಲಿ ದಲಿತ ದುಸಾಧ್ ಸಮುದಾಯದ ಚಾನೊ ದೇವಿ 1970ರ ದಶಕದಲ್ಲಿ ಗೋದ್ನಾ ಹಚ್ಚೆಯ ಗೆರೆಗಳನ್ನು ಕಾಗದದ ಮೇಲೆ ಸಾಲುಸಾಲಾಗಿ ಬಿಡಿಸತೊಡಗಿದರು. ಮೇಲ್ಜಾತಿಯ ಮನೆಗಳ ಮಿಥಿಲಾ ಚಿತ್ರಗಳ ಪಕ್ಕದಲ್ಲಿ ದುಸಾಧ್ ಹೆಂಗಸರಿಗೆ ತಮ್ಮದೇ ಒಂದು ಶೈಲಿ, ತಮ್ಮದೇ ಸಹಿ, ತಮ್ಮದೇ ಗಳಿಕೆ ದಕ್ಕಿತು. ಮೈಯ ಜಾಗ, ನೋವು, ಜೀವಮಾನದ ಹೊಣೆ ಕಾಗದಕ್ಕೆ ಬರಲಿಲ್ಲ. ಕಲಾವಿದೆಯ ಹೆಸರು ಬಂತು. ಹಚ್ಚೆ ಹಾಕಿದ ಕೊರವತಿಯ ಹೆಸರನ್ನು ಯಾವ ತೋಳೂ ಉಳಿಸಿಕೊಂಡಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ. ಸಂಡೂರಿನ ಲಂಬಾಣಿ ಕಸೂತಿಗೂ ಧಾರವಾಡ ಸೀಮೆಯ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದೇ ಚಿತ್ರಗಳ ಮೂರನೆಯ ರೂಪವಾದ ಹಚ್ಚೆಗೆ ಅಂಥ ಯಾವ ಮಾನ್ಯತೆಯೂ ಇಲ್ಲ. ಕಾರಣ ಸರಳ: ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಡಬಹುದು, ಮಾರಬಹುದು, ಹಚ್ಚೆ ಹೊತ್ತವರ ಜೊತೆಗೇ ಹೋಗುತ್ತದೆ.

ಹಾಗೆ ಹೋಗುವುದನ್ನು ಹಿಡಿದಿಡುವ ಮಾದರಿ ಈ ನೆಲದಲ್ಲೇ ಇದೆ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದಿನ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಅದನ್ನು ಹಿಂಬಾಲಿಸಿದವು. ಬೀಸುತ್ತಿದ್ದವಳ ಕೊರಳು ಹೀಗೆ ಪುಸ್ತಕಕ್ಕೆ ಬಂತು, ಗೂಟ ಹಿಡಿದ ಕೈಮೇಲಿನ ಚಿತ್ರ ಬರಲಿಲ್ಲ. ಆ ತಲೆಮಾರಿನ ಹಚ್ಚೆಗಳು ಈಗಿಲ್ಲ. ಕೈಸೂಜಿಯಿಂದ ಹಾಕಿಸಿಕೊಂಡ ಕೊನೆಯ ತಲೆಮಾರು ಇನ್ನೂ ಇದೆ. ಅವರ ಚಿತ್ರಗಳನ್ನು ದಾಖಲಿಸುವವರು ಮಾಡಬಾರದ ಕೆಲಸವೆಂದರೆ ಆಕಾರಗಳನ್ನಷ್ಟೇ ನಕಲು ಮಾಡಿ ಪಕ್ಕದಲ್ಲಿ ಒಂದೊಂದು ಅರ್ಥ ಬರೆಯುವುದು. ಹೊತ್ತವಳ ಒಪ್ಪಿಗೆ ಪಡೆದು, ಮೈಯ ಯಾವ ಜಾಗದಲ್ಲಿದೆ, ಯಾವ ವಯಸ್ಸಿನಲ್ಲಿ ಹಾಕಿದರು, ಯಾರ ಒತ್ತಾಯದಿಂದ ಅಥವಾ ಯಾರ ಆಸೆಯಿಂದ, ಚುಚ್ಚಿದ ಕೈ ಯಾರದು, ಕೂಲಿ ಏನು, ಅದೇ ಚಿತ್ರ ಅವಳ ಮನೆಯ ಕಸೂತಿಯಲ್ಲೂ ಅಂಗಳದಲ್ಲೂ ಇದೆಯೇ, ಈಗ ಅದನ್ನು ಅವಳು ಹೇಗೆ ಕಾಣುತ್ತಾಳೆ ಎಂಬುದನ್ನು ಅವಳದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಅದೇ ದಾಖಲೆಯಲ್ಲಿ ಮೊಮ್ಮಗನ ತೋಳಿನ ನಟನಿಗೂ ಜಾಗ ಇರಬೇಕು. ಅವನದು ಹಾಳಾದ ಸಂಪ್ರದಾಯವಲ್ಲ, ಸರಕಿನ ಮಳಿಗೆ ಬದಲಾದ ಅದೇ ಸಂಪ್ರದಾಯ. ಇಷ್ಟು ವಿವರ ಕಲೆಹಾಕಿದ ದಾಖಲೆ ಕೈಯಲ್ಲಿದ್ದರೆ ವಾರ್ಹಾಲನ ಮುಖಗಳ ಸಾಲನ್ನಾಗಲಿ ಸಿಯೆರ್ರಾನ ಗೆರೆಯನ್ನಾಗಲಿ ತಿಳಿಯಲು ಕನ್ನಡದ ಓದುಗರು ಹೊರಗಿನ ಕೈಪಿಡಿಯನ್ನು ಕಾಯಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಇಂಡಿ, ಸಿಂದಗಿಯ ತೋಳುಗಳಿಂದಲೇ ಕಲಿತಿರುತ್ತಾರೆ.